ಗೌರವಧನವೋ ಸಂಬಳವೋ: ಪಿಎಚ್.ಡಿ. ಆದ ಮೇಲೆ ಎರಡೂ ಮಾಡಿ ನೋಡಿದೆ

ಪಿಎಚ್.ಡಿ. ಆದ ಮೇಲೆ ಕಾಲೇಜಿನ ಅತಿಥಿ ಉಪನ್ಯಾಸವೋ, ಬೀಜದ ಕಂಪನಿಯ ನೌಕರಿಯೋ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನಾನು ಬೀಜದ ಕಂಪನಿಯ ಪಕ್ಷ. ಧಾರವಾಡದಲ್ಲಿ ಸಸ್ಯಶಾಸ್ತ್ರದ ಪಿಎಚ್.ಡಿ. ಮುಗಿಸಿ, ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಈಗ ಕಂಪನಿಯ ಪರವಾಗಿ ರಾಣೆಬೆನ್ನೂರು ಕಡೆ ರೈತರು ಬೆಳೆಯುವ ಹೈಬ್ರಿಡ್ ಹತ್ತಿಯ ಬೀಜದ ಪ್ಲಾಟು ನೋಡಿಕೊಳ್ಳುತ್ತೇನೆ.

ದುಡ್ಡಿನ ಲೆಕ್ಕ ಮೇಲ್ನೋಟಕ್ಕೆ ಮೋಸ ಮಾಡುತ್ತದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದ ಅರ್ಹತೆ ಇದ್ದ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 13 ಸಾವಿರ ಇದ್ದ ಗೌರವಧನ 2022ರ ಜನವರಿಯಲ್ಲಿ 30 ಸಾವಿರ ಆಯಿತು, ಐದು ವರ್ಷ ದಾಟಿದವರಿಗೆ 32 ಸಾವಿರ. ನಾವು ಪೇಡೆ ಹಂಚಿದೆವು. ಅದರ ಜೊತೆಗೇ ವಾರಕ್ಕೆ 8-10 ಗಂಟೆ ಇದ್ದ ಪಾಠ 15 ಗಂಟೆಯಾಯಿತು. ಇಬ್ಬರು ಹಂಚಿಕೊಳ್ಳುತ್ತಿದ್ದ ವರ್ಕ್‌ಲೋಡ್ ಒಬ್ಬರಿಗೇ ಸಾಕಾಗಿ, ನಮ್ಮ ವಿಭಾಗದ ಗೆಳತಿ ಪೇಡೆ ತಿಂದ ತಿಂಗಳೇ ಹೊರಗೆ ಬಿದ್ದಳು. ನನಗೆ ಸಿಕ್ಕಿದ್ದೂ ವರ್ಷಕ್ಕೆ ಹತ್ತು ತಿಂಗಳದ್ದು, ಅಂದರೆ 3 ಲಕ್ಷ. ಕಂಪನಿ ಶುರುವಿಗೆ ಕೊಟ್ಟದ್ದು 28 ಸಾವಿರ, ಆದರೆ ಹನ್ನೆರಡೂ ತಿಂಗಳು. ಪಿಎಫ್ ಬೇರೆ.

ನಾನು ಕಾಲೇಜು ಬಿಟ್ಟದ್ದು ಮಾತ್ರ ಇದಕ್ಕಲ್ಲ, ಒಂದು ಬೈಕಿಗೆ.

ಬಸ್ಸು ಕಾದು ಬೇಸತ್ತು ಬ್ಯಾಂಕಿಗೆ ಸಾಲ ಕೇಳಲು ಹೋದೆ. ‘ಡಾಕ್ಟರ್’ ಅಂತ ಬರೆದಿದ್ದ ಅರ್ಜಿ ನೋಡಿ ಕುರ್ಚಿ ಕೊಟ್ಟರು. "ಸ್ಯಾಲರಿ ಸ್ಲಿಪ್ ಕೊಡ್ರಿ ಸರ" ಅಂದರು. ನಮಗೆಲ್ಲಿಯ ಸ್ಲಿಪ್ಪು? ನಮ್ಮದು ಸಂಬಳವೇ ಅಲ್ಲ, ಗೌರವಧನ. ಪ್ರಾಚಾರ್ಯರು ಒಳ್ಳೆಯವರು, ಕೇಳಿದ ಕೂಡಲೇ ಪತ್ರ ಬರೆದುಕೊಟ್ಟರು. ಆದರೆ ಇದ್ದದ್ದನ್ನೇ ಬರೆಯಬೇಕಲ್ಲ: ‘ಸದರಿಯವರು ಸಂಪೂರ್ಣ ತಾತ್ಕಾಲಿಕವಾಗಿ, ಈ ಶೈಕ್ಷಣಿಕ ವರ್ಷದ ಮಟ್ಟಿಗೆ ಮಾತ್ರ.’ ಕೇಳಿದ್ದು 36 ಕಂತಿನ ಸಾಲ, ಕೈಯಲ್ಲಿದ್ದದ್ದು ಇಂಥ ಕಾಗದ!

ಪಾಸ್‌ಬುಕ್ ತೋರಿಸಿದೆ. ಮೂರು ತಿಂಗಳು ಖಾಲಿ, ಆಮೇಲೆ ಮೂರರದ್ದೂ ಒಮ್ಮೆಲೇ, ಮತ್ತೆ ಖಾಲಿ. ಹಾಳೆ ತಿರುವಿ ಅವರು "ಇದು ಹತ್ತಿ ಮಾರಿದವರ ಖಾತೆ ಇದ್ದಂಗ ಐತಲ್ರೀ" ಅಂದರು. ನಗು ಬಂತು, ಸಿಟ್ಟೂ ಬಂತು. ಕೊನೆಗೆ ಕೇಳಿದ್ದು: "ತಂದಿಯವರ ಹೆಸರಿಗೆ ಹೊಲ ಐತೇನು? ಉತಾರ (ಪಹಣಿ) ತಗೊಂಡು ಅವರನ್ನ ಕರಕೊಂಡು ಬರ್ರಿ." ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಅಪ್ಪನಿಗೆ ಸಾಲ ಹುಟ್ಟುತ್ತದೆ, ನನಗಿಲ್ಲ. ಅಪ್ಪ "ಅದಕ್ಕೇನಾತು ತಮ್ಮಾ, ಹೋಗೂಣು ನಡಿ" ಅಂದ. ನಾನೇ ಹೋಗಲಿಲ್ಲ.

ಅದೇ ಹೊತ್ತಿಗೆ ಯುಜಿಸಿ, 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ನೆಟ್, ಸೆಟ್ ಅಥವಾ ಸ್ಲೆಟ್ ಎಂಬ ಅರ್ಹತಾ ಪರೀಕ್ಷೆಗಳಲ್ಲೊಂದು ಪಾಸಾಗಿರುವುದೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಅಂದಿತು. ಐಚ್ಛಿಕ! ಆ ವಾರವೇ ಕಂಪನಿಗೆ ಹೂಂ ಅಂದೆ. ಮೂರು ಸ್ಲಿಪ್ ಕೈಗೆ ಬಂದ ಮೇಲೆ ಅದೇ ಬ್ಯಾಂಕು, ಅದೇ ಕುರ್ಚಿ. ಎಂಟು ದಿನಕ್ಕೆ ಗಾಡಿ ಬಂತು.

ಕಂಪನಿಯಲ್ಲಿ ತ್ರಾಸಿಲ್ಲ ಅಂತಲ್ಲ. ಹತ್ತಿಯಲ್ಲಿ ಸಂಜೆ ಮೊಗ್ಗಿನ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಎಲ್ಲವೂ ಕೈಯಲ್ಲೇ. ಧಾರವಾಡದಲ್ಲಿ ಹುಟ್ಟಿ 1972ರಲ್ಲಿ ಹೊರಬಂದ ವರಲಕ್ಷ್ಮಿ ತಳಿಯ ಬೀಜ ಮಾಡಿದ್ದೂ ಹೀಗೆಯೇ. ಆದರೆ ಒಂದು ಮಾತು ಆಡಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಶುದ್ಧತೆಯ ಪರೀಕ್ಷೆಯಲ್ಲಿ ಬೆರಕೆ ಹೆಚ್ಚು ಕಂಡರೆ ಲಾಟ್ ರಿಜೆಕ್ಟ್, ಅದನ್ನು ಆ ಬೀಜ ಬೆಳೆದ ರೈತನಿಗೆ ಫೋನ್ ಹಚ್ಚಿ ಹೇಳಬೇಕಾದವನು ನಾನು. ಪಾಠ ತಪ್ಪಿದ್ದರೆ ಮರುದಿನ ತಿದ್ದಬಹುದಿತ್ತು.

ಮರ್ಯಾದೆ: ಕಾಲೇಜಿನದೇ ಹೆಚ್ಚು. ಹೆಣ್ಣು ಕೊಡುವವರ ಎದುರು ಮಾತ್ರ ಕಂಪನಿಯದು.

ಸಂಶೋಧನೆ: ಎರಡೂ ಕಡೆ ಸೊನ್ನೆ. ಪರಾಗದ ಬಗ್ಗೆ ಓದಿದ್ದು ಪ್ಲಾಟಿನಲ್ಲಿ ದಿನಾ ಉಪಯೋಗಕ್ಕೆ ಬರುತ್ತದೆ, ಅಷ್ಟೆ.

ಮನೆಯಲ್ಲಿ ಇನ್ನೊಂದು ಖಾತ್ರಿ ಸಂಬಳ ಇದ್ದು, ಪಾಠ ಮಾಡದಿದ್ದರೆ ಉಂಡದ್ದು ಮೈಗೆ ಹತ್ತದ ಜೀವ ನಿಮ್ಮದಾದರೆ ಕಾಲೇಜೇ ಸರಿ. ನನಗೆ ನಸುಕಿನಲ್ಲಿ ಏಳುವ ರೂಢಿ ಮೊದಲಿಂದ ಇದೆ, 5ನೇ ತಾರೀಖಿಗೆ ಕಂತೂ ಇದೆ. ಕಾಯಂ ಹುದ್ದೆಗೆ ಕರೆದರೆ ಅರ್ಜಿ ಹಾಕುತ್ತೇನೆ, ಸುಳ್ಳೇಕೆ ಹೇಳಲಿ. ಸದ್ಯಕ್ಕೆ ಗಾಡಿಯ ಕಂತು ಇನ್ನೂ 11 ಉಳಿದಿವೆ.