ಏರಿನಲ್ಲಿ ಜೀಪು ಆಫ್ ಆಗ್ತಿದೆಯಾ? ಪಂಪು ಬಿಚ್ಚೋಕೆ ಬಿಡಬೇಡಿ

ಹಳೇ ಮಹೀಂದ್ರ ಡಿಐ ಜೀಪು ಇಟ್ಟುಕೊಂಡಿರೋ ಮಲೆನಾಡಿನವರೆಲ್ಲ ದಯವಿಟ್ಟು ಇದನ್ನ ಓದಿ. ಲೋಡ್ ಬಿದ್ದಾಗ ಇಂಜಿನ್ ಕಟ್ ಆಗುತ್ತೆ ಅಂತ ಗ್ಯಾರೇಜಿಗೆ ಹೋದರೆ "ಮೈಕೋ ಪಂಪು ಹೋಗಿದೆ" ಅನ್ನೋ ಮಾತೇ ಮೊದಲು ಬರುತ್ತೆ. ಮೈಕೋ ಪಂಪು ಅಂದರೆ ಇಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಹೊಡೆಯೋ ಇಂಜೆಕ್ಷನ್ ಪಂಪು. ಟ್ಯಾಂಕಿನಿಂದ ಡೀಸೆಲ್ ಬರ್ತಿದೆಯಾ ಇಲ್ವಾ ಅಂತಲೂ ನೋಡದೆ ಹಾಗೆ ಹೇಳೋರ ಕೈಗೆ ಪಂಪು ಕೊಡಬೇಡಿ. ಕೊಡಲೇಬೇಡಿ. ನಮ್ಮ ಜೀಪಿಗೆ ಐದಂಕಿ ಬಿಲ್ಲು ಹಾಕಿದ್ದಾರೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೆ ಇನ್ನೊಬ್ಬರಿಗೆ ಹೀಗೆ ಆಗಬಾರದು.

ಲಕ್ಷಣ ಇಷ್ಟೇ. ಐಡಲ್‌ನಲ್ಲಿ ಗಂಟೆಗಟ್ಟಲೆ ಓಡುತ್ತೆ. ಪೇಟೆಯೊಳಗೆ, ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಹಿಂದೆ ಕಾಫಿ ಮೂಟೆ ಹೇರಿ ತೋಟದ ಏರು ಹತ್ತಿಸಿದರೆ ಎರಡನೇ ಗೇರಿನಲ್ಲಿ ಪಿಕಪ್ ಬಿಡುತ್ತೆ, ಮುಗ್ಗರಿಸುತ್ತೆ, ಆಫ್. ಕಪ್ಪು ಹೊಗೆ ಇಲ್ಲ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತೆ, ಸ್ವಲ್ಪ ದೂರ ಹತ್ತಿ ಮತ್ತೆ ಆಫ್.

ಕೆಲಸ ಗೊತ್ತಿರೋರಿಗೆ ಇಷ್ಟು ಕೇಳಿದರೆ ಸಾಕು. ಐಡಲ್‌ಗೆ ಬೇಕಾಗೋ ಡೀಸೆಲ್ ತೀರಾ ಕಮ್ಮಿ, ಅರ್ಧ ಕಟ್ಟಿಕೊಂಡ ಪೈಪಿನಲ್ಲೂ ಅಷ್ಟು ಬಂದೇ ಬರುತ್ತೆ. ಲೋಡಿನಲ್ಲಿ ಅದರ ಹಲವು ಪಟ್ಟು ಬೇಕು. ಟ್ಯಾಂಕಿನಿಂದ ಡೀಸೆಲ್ ತರೋ ಫೀಡ್ ಪಂಪು ಎಳೆಯುತ್ತೆ, ಬರಲ್ಲ. ಫಿಲ್ಟರಿನಲ್ಲಿ ಇದ್ದದ್ದು ಮುಗಿದ ಮೇಲೆ ಇಂಜಿನ್ ನಿಲ್ಲುತ್ತೆ. ಎಳೆತ ನಿಂತಾಗ ಟ್ಯಾಂಕಿನೊಳಗಿನ ಪೈಪಿನ ಜಾಲರಿಗೆ ಅಂಟಿದ ಕಸ ಕಳಚಿ ಕೆಳಗಿಳಿಯುತ್ತೆ, ಅದಕ್ಕೇ ಮತ್ತೆ ಸ್ಟಾರ್ಟ್ ಆಗೋದು. ಮೈಕೋ ಪಂಪಿನ ಎಲಿಮೆಂಟ್ (ಸಿಲಿಂಡರಿಗೊಂದರಂತೆ ಡೀಸೆಲ್ ತಳ್ಳೋ ಭಾಗ) ಸವೆದರೆ ಬಿಸಿ ಇಂಜಿನ್ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಗಾಡಿಯ ಶಕ್ತಿ ಎಲ್ಲ ಕಡೆಯೂ ಕಮ್ಮಿ ಇರುತ್ತೆ. ಹತ್ತು ನಿಮಿಷ ನಿಲ್ಲಿಸಿದ್ದಕ್ಕೆ ಸವೆದದ್ದು ಸರಿಹೋಗಲ್ಲ!

ಗ್ಯಾರೇಜಿನಲ್ಲಿ ಗಾಡಿ ಬಿಡುವಾಗಲೇ ಹೇಳಿದ್ದೆ: "ಅಣ್ಣಾ, ಮೊದಲು ಕ್ಯಾನು ಕಟ್ಟಿ ನೋಡಿ." ಅಂದರೆ ಟ್ಯಾಂಕ್ ಬಿಟ್ಟು ಬೇರೆ ಕ್ಯಾನಿನಿಂದ ಡೀಸೆಲ್ ಕೊಟ್ಟು ಓಡಿಸಿ ನೋಡೋದು. ಬಂದ ಉತ್ತರ: "ಅವೆಲ್ಲ ಬೇಡ ಸಾರ್, ಸೌಂಡ್ ಕೇಳಿದ್ರೇ ಗೊತ್ತಾಗುತ್ತೆ." ಟ್ಯಾಂಕ್ ಇಳಿಸಿ ಅಂದೆ. "ಟ್ಯಾಂಕ್ ಕ್ಲೀನ್ ಇದೆ, ನೋಡಿದೀನಿ." ನೋಡಿಲ್ಲ. ಟ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಸೋಕಿದ ಗುರುತೂ ಇರಲಿಲ್ಲ. ಆಮೇಲೆ ಫೋನು: "ಪಂಪು ಬಿಚ್ಚಿ ಕಳಿಸಿಬಿಟ್ಟಿದೀವಿ ಸಾರ್, ನಾಲ್ಕೂ ಎಲಿಮೆಂಟ್ ಹೋಗಿದೆ." ಕೇಳಿ ಬಿಚ್ಚಲಿಲ್ಲ, ಬಿಚ್ಚಿದ ಮೇಲೆ ಹೇಳಿದರು. ಅಷ್ಟು ಹೊತ್ತಿಗೆ ಗಾಡಿ ಅವರ ಹಿಡಿತದಲ್ಲಿರುತ್ತೆ, ಬೇಡ ಅನ್ನೋಕೂ ಆಗಲ್ಲ.

ಬಿಲ್ಲಿನಲ್ಲಿ ಬರೆದದ್ದು: ಎಲಿಮೆಂಟ್ 4, ಡೆಲಿವರಿ ವಾಲ್ವ್ 4, ಕ್ಯಾಲಿಬ್ರೇಶನ್ (ನಾಲ್ಕೂ ಎಲಿಮೆಂಟು ಕೊಡೋ ಡೀಸೆಲ್ ಸಮ ಮಾಡೋದು), ಬಿಚ್ಚಿ ಕೂರಿಸಿದ ಕೂಲಿ. ಟ್ರಯಲ್ ತೋರಿಸಿದ್ದು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ, ಖಾಲಿ ಗಾಡಿಯಲ್ಲಿ. ಖಾಲಿ ಗಾಡಿ ಮೊದಲೂ ಓಡ್ತಿತ್ತಲ್ಲ! ಲೋಡ್ ಹಾಕಿ ಚಾರ್ಮಾಡಿ ಘಾಟಿ ಹತ್ತಿಸಿದಾಗ ಅದೇ ಮುಗ್ಗರಿಕೆ, ಅದೇ ಆಫ್. ಅದೂ ತಿರುವಿನಲ್ಲಿ. ಇಂಜಿನ್ ನಿಂತರೆ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಒಂದೆರಡು ಒತ್ತಿಗೆ ಮುಗಿಯುತ್ತೆ, ಬ್ರೇಕ್ ಕಲ್ಲಾಗುತ್ತೆ. ಲೋಡ್ ಗಾಡಿ ಹಿಂದಕ್ಕೆ ಜಾರಿದರೆ ಹೊಣೆ ಯಾರು?

ಬಾನೆಟ್ ಎತ್ತಿ ಪಂಪಿಗೆ ಟಾರ್ಚ್ ಹಾಕಿದಾಗ ಕಂಡದ್ದನ್ನ ಗಮನವಿಟ್ಟು ಓದಿ. ಇನ್‌ಲೈನ್ (ಎಲಿಮೆಂಟುಗಳು ಸಾಲಾಗಿರೋ) ಈ ಮೈಕೋ ಪಂಪಿನಲ್ಲಿ ನಾಲ್ಕೂ ಎಲಿಮೆಂಟಿನ ಡೆಲಿವರಿ ಸಮ ಮಾಡಬೇಕಾದರೆ ಪಕ್ಕದ ಕವರ್ ಬಿಚ್ಚಲೇಬೇಕು. ಬೇರೆ ದಾರಿಯೇ ಇಲ್ಲ. ಆ ಕವರಿನ ಅಂಚಿನ ಮೇಲೆ, ಸ್ಕ್ರೂ ತಲೆಗಳ ಮೇಲೆ ವರ್ಷಗಳ ಎಣ್ಣೆ, ಕೆಮ್ಮಣ್ಣು ಗಟ್ಟಿಯಾಗಿ ಹಾಗೇ ಕೂತಿತ್ತು. ಒಂದು ಬಿರುಕೂ ಇಲ್ಲ. ಇಂಜಿನ್ ವೇಗ ಹಿಡಿದಿಡೋ ಗವರ್ನರ್ ಕಡೆಯ ಸೀಲೂ ಹಳೆಯದೇ. ಪಂಪು ಇಳಿಸಿದ್ದಾರೆ, ಹತ್ತಿಸಿದ್ದಾರೆ. ಒಳಗೆ ಯಾರೂ ಕೈ ಹಾಕಿಲ್ಲ. ನಾಲ್ಕು ಎಲಿಮೆಂಟಿನ ದುಡ್ಡು ತಗೊಂಡಿದ್ದಾರೆ.

ಕೇಳಿದ್ದಕ್ಕೆ: "ಹಳೇ ಕವರನ್ನೇ ವಾಪಸ್ ಹಾಕಿರೋದು ಸಾರ್." ಕವರು ಹಳೇದಿರಲಿ, ಮಣ್ಣೂ ಹಳೇದನ್ನೇ ಮೆತ್ತಿದಿರಾ? ಉತ್ತರವಿಲ್ಲ. ಬಿಚ್ಚಿದ ಎಲಿಮೆಂಟ್ ಕೊಡಿ ಅಂದರೆ "ಗುಜರಿಗೆ ಹೋಯ್ತು." ಟೆಸ್ಟ್ ಶೀಟ್ ಕೊಡಿ ಅಂದರೆ "ಅದೆಲ್ಲ ಪಂಪಿನವರ ಹತ್ರ ಇರುತ್ತೆ." ಆಮೇಲೆ ದನಿ ಬದಲಾಯ್ತು: "ಈಗ ನಾಝಲ್ ಪ್ರಾಬ್ಲಂ, ಅದನ್ನೂ ಹಾಕ್ಸಿ." ಕೊನೆಗೆ ಹುಡುಗರೆಲ್ಲ ನಿಂತು ನೋಡ್ತಿರುವಾಗ: "ಅಷ್ಟೆಲ್ಲ ಗೊತ್ತಿದ್ರೆ ನೀವೇ ಮಾಡ್ಕೋಬೇಕಿತ್ತು ಸಾರ್." ಆ ಮಾತು ಇನ್ನೂ ಉರೀತಿದೆ. ಗೊತ್ತಿದ್ದದ್ದನ್ನ ಮೊದಲೇ ಹೇಳಿದ್ದೆ, ಕೇಳಲಿಲ್ಲ.

ನಿಜವಾದ ದೋಷ ಟ್ಯಾಂಕಿನೊಳಗಿತ್ತು. ಪಿಕಪ್ ಪೈಪಿನ ತುದಿಯ ಜಾಲರಿ ತುಂಬ ತುಕ್ಕು, ಕಪ್ಪು ಲೋಳೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದ ಗಾಡಿಗಳ ಟ್ಯಾಂಕಿನಲ್ಲಿ ಹೀಗೇ ಆಗೋದು, ಮೇಲ್ಭಾಗದ ತಗಡಿಗೆ ನೀರು ಬೆವರಿ ಇಳಿದು ತಳಕ್ಕೆ ಸೇರುತ್ತೆ. ಟ್ಯಾಂಕ್ ಇಳಿಸಿ ತೊಳೆದು, ಜಾಲರಿ ಬಿಡಿಸಿ, ಹೋಸ್ ಮತ್ತು ತಾಮ್ರದ ವಾಷರ್ ಹೊಸದು ಹಾಕಿದ್ದಷ್ಟೇ. ಅದೇ ಲೋಡು, ಅದೇ ಏರು, ಒಂದು ಸಲವೂ ಮುಗ್ಗರಿಸಲಿಲ್ಲ. "ಸತ್ತ" ಪಂಪಿನಲ್ಲೇ.

ನೀವು ಮಾಡಬೇಕಾದ್ದು: ಟ್ಯಾಂಕಿನ ಮುಚ್ಚಳ ಸಡಿಲ ಬಿಟ್ಟು ಏರು ಹತ್ತಿಸಿ. ಸರಿಹೋದರೆ ಗಾಳಿ ಬರೋ ತೂತು ಕಟ್ಟಿದೆ, ಕೆಲಸ ಮುಗೀತು. ಇಲ್ಲವಾ, ಆಫ್ ಆದ ಕೂಡಲೇ ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ ಒತ್ತಿ. ಸುಮ್ಮನೆ ಒಳಗೆ ಹೋಗುತ್ತಾ, ಹಲವು ಸಲ ಹೊಡೆದ ಮೇಲೆ ಬಿಗಿಯಾಗಿ ತಕ್ಷಣ ಸ್ಟಾರ್ಟ್ ಆಗುತ್ತಾ? ಡೀಸೆಲ್ ಸಾಲ್ತಿಲ್ಲ ಅಥವಾ ಏರ್ ಎಳೀತಿದೆ. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿದಾಗ ನೊರೆ ಬಂದರೆ ಏರ್ ಖಚಿತ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆತದ ಕಡೆ, ಅಲ್ಲಿ ತೂತಿದ್ದರೆ ಓಡುವಾಗ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಹೊರಗೆ ಒಣಗಿದೆ ಅಂತ ನಂಬಬೇಡಿ. ಹಳೇ ರಬ್ಬರ್ ಹೋಸ್ ಒಳಪದರ ಬಿಟ್ಟುಕೊಂಡು ಎಳೆತಕ್ಕೆ ಮುಚ್ಚಿಕೊಳ್ಳೋದೂ ಉಂಟು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಕ್ಯಾನು. ಐದು ಲೀಟರಿನ ಶುದ್ಧ ಕ್ಯಾನಿಗೆ ಡೀಸೆಲ್ ತುಂಬಿ, ಫೀಡ್ ಪಂಪಿಗಿಂತ ಎತ್ತರದಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಬಿಗಿಯಾಗಿ ಕಟ್ಟಿ. ಅದರಿಂದ ನೇರ ಫೀಡ್ ಪಂಪಿನ ಇನ್‌ಲೆಟ್‌ಗೆ ಹೋಸ್. ಉಳಿದ ಡೀಸೆಲ್ ವಾಪಸ್ ತರೋ ರಿಟರ್ನ್ ಹೋಸನ್ನೂ ಅದೇ ಕ್ಯಾನಿಗೆ ಬಿಡಿ, ಇಲ್ಲದಿದ್ದರೆ ಬೇಗ ಖಾಲಿಯಾಗುತ್ತೆ. ಅದೇ ಲೋಡಿನಲ್ಲಿ ಅದೇ ಏರು ಹತ್ತಿಸಿ. ಹತ್ತಿದರೆ ದೋಷ ಟ್ಯಾಂಕಿನಲ್ಲಿ, ಇಲ್ಲವೇ ಟ್ಯಾಂಕು ಮತ್ತು ಫೀಡ್ ಪಂಪಿನ ನಡುವೆ. ಆಗಲೂ ಆಫ್ ಆದರೆ ಇನ್‌ಲೆಟ್ ಬೋಲ್ಟಿನ ಸಣ್ಣ ಜಾಲರಿ, ಫೀಡ್ ಪಂಪಿನ ವಾಲ್ವು, ಎರಡೂ ಫಿಲ್ಟರು, ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗು ನೋಡಿ. ಇಂಜಿನ್ ಮೌಂಟಿಂಗ್ ಹರಿದಿದ್ದರೆ ಲೋಡಿಗೆ ಇಂಜಿನ್ ವಾಲಿ ಇಂಜಿನ್ ಆಫ್ ಮಾಡೋ ಸ್ಟಾಪ್ ಕೇಬಲ್ ಎಳೆದುಕೊಳ್ಳುತ್ತೆ, ಇದನ್ನ ಬಹಳ ಜನ ನೋಡೋದೇ ಇಲ್ಲ. ಕಪ್ಪು ಹೊಗೆ ಬರ್ತಿದ್ದರೆ ಮಾತ್ರ ಏರ್ ಫಿಲ್ಟರ್ ಕಡೆ ಹೋಗಿ. ಇನ್‌ಲೈನ್ ಪಂಪು ಕೊನೆಗೆ, ಎಲ್ಲಾ ಮುಗಿದ ಮೇಲೆ.

ಪಂಪು ಕೊಡಲೇಬೇಕಾಗಿ ಬಂದರೆ ಪಕ್ಕದ ಕವರಿನ ಸ್ಕ್ರೂಗಳಿಗೆ ಅಡ್ಡಲಾಗಿ ಪೇಂಟ್ ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಎಲಿಮೆಂಟು, ಟೆಸ್ಟ್ ಶೀಟು ಎರಡೂ ಕೈಗೆ ಬರಬೇಕು ಅಂತ ಮೊದಲೇ ಹೇಳಿ. ಟ್ರಯಲ್ ಲೋಡ್ ಹಾಕಿ, ಏರಿನಲ್ಲಿ. ವಾಪಸ್ ಬಂದಾಗ ಆ ಗೆರೆ ಹಾಗೇ ಇದ್ದರೆ ಕ್ಯಾಲಿಬ್ರೇಶನ್ನಿಗೆ ಒಂದು ರೂಪಾಯಿಯೂ ಕೊಡಬೇಡಿ.