ಬಾದಾಮಿಯ ಬಂಡೆ ಹತ್ತಿದವನಿಗೆ ಸಿಕ್ಕ ಝೆಲ್ಡಾ

ಬೆಳಗಾವಿಯಲ್ಲಿ ಹಳೆಯ ವಿಡಿಯೊ ಗೇಮ್ ಮಾರುವ ಅಂಗಡಿಯಿಂದ ‘ದಿ ಲೆಜೆಂಡ್ ಆಫ್ ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ತಂದು ಮೂರು ತಿಂಗಳಾಯಿತು. ಜಪಾನಿನ ಗೇಮ್ ಕಂಪನಿ ನಿಂಟೆಂಡೊ ಇದನ್ನು ಬಿಡುಗಡೆ ಮಾಡಿದ್ದು 2017ರ ಮಾರ್ಚ್‌ನಲ್ಲಿ. ತಡವಾಗಿ ಸಿಕ್ಕಿತೆಂಬ ಬೇಸರ ನನಗಿಲ್ಲ.

ನಾನು ಬಾದಾಮಿಯವನು, ಅಗಸ್ತ್ಯ ತೀರ್ಥದ ಸುತ್ತಲಿನ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಹತ್ತುತ್ತ ಬೆಳೆದವನು. ಈ ಆಟದಲ್ಲಿ ಕಣ್ಣಿಗೆ ಬಿದ್ದ ಬೆಟ್ಟವನ್ನೆಲ್ಲ ಹೆಚ್ಚುಕಡಿಮೆ ಹತ್ತಬಹುದು. ಶಕ್ತಿ ತೋರಿಸುವ ಹಸಿರು ಚಕ್ರ ಕರಗುವುದರೊಳಗೆ ಕಾಲೂರಲು ಜಾಗ ಹುಡುಕಬೇಕು. ಮಳೆ ಬಂದರೆ ಹಿಡಿತ ಜಾರುತ್ತದೆ! ಆಷಾಢದ ಜಿಟಿಜಿಟಿಯಲ್ಲಿ ಬಂಡೆಯ ಹತ್ತಿರ ಹೋಗಬೇಡವೆಂದು ಅಜ್ಜಿ ಗದರುತ್ತಿದ್ದದ್ದು ನೆನಪಾಯಿತು.

ಈ ಅಲೆದಾಟದ ಬೇರು ಹಳೆಯದು. ನಿಂಟೆಂಡೊದ ಆಟ ವಿನ್ಯಾಸಕ ಶಿಗೆರು ಮಿಯಾಮೊಟೊ ಬಾಲ್ಯದಲ್ಲಿ ಕ್ಯೋಟೊ ಪ್ರಾಂತ್ಯದ ಸೊನೊಬೆಯ ಕಾಡು, ಗುಹೆಗಳಲ್ಲಿ ಸುತ್ತಿದ ಅನುಭವವೇ 1986ರ ಮೊದಲ ಝೆಲ್ಡಾಗೆ ಪ್ರೇರಣೆ. ತಕಾಶಿ ತೆಝುಕಾ ಅವರೊಂದಿಗೆ ರೂಪಿಸಿದ ಆ ಆಟ, ಎತ್ತ ಹೋಗಬೇಕೆಂಬುದನ್ನು ಆಡುವವರಿಗೇ ಬಿಟ್ಟಿತ್ತು. 1998ರ ‘ಒಕರಿನಾ ಆಫ್ ಟೈಮ್’ ಸರಣಿಯನ್ನು ಮೂರು ಆಯಾಮಗಳಿಗೆ ತಂದಿತು. ಮುಂದೆ ಬಂದ ಕೆಲವು ಆಟಗಳು ಕೈಹಿಡಿದು ನಡೆಸಿದವು; ಇದರಲ್ಲಿ ಹಳೆಯ ಸ್ವಾತಂತ್ರ್ಯ ಮರಳಿದೆ.

ಒಂದೇ ತಕರಾರು: ಕತ್ತಿಗಳು ಬಹಳ ಬೇಗ ಮುರಿಯುತ್ತವೆ. ಇಷ್ಟಪಟ್ಟ ಆಯುಧವನ್ನು ಬಳಸಲು ಮನಸ್ಸೇ ಬರುವುದಿಲ್ಲ. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಬೇರೆಯವರು ಬಳಸಿದ ಕಾರ್ಟ್ರಿಜ್ (ಆಟವಿರುವ ಪುಟ್ಟ ಕಾರ್ಡ್) ಕೊಳ್ಳಲು ಹಿಂಜರಿಯಬೇಡಿ. ಇದನ್ನು ಆಡುವ ನಿಂಟೆಂಡೊದ ಗೇಮ್ ಯಂತ್ರ ‘ಸ್ವಿಚ್’ನಲ್ಲಿ ಆಟದ ಪ್ರಗತಿ ಯಂತ್ರದಲ್ಲೇ ಉಳಿಯುವುದರಿಂದ, ಹಿಂದಿನವರು ಎಷ್ಟೇ ಆಡಿರಲಿ, ನಿಮ್ಮದು ಮೊದಲಿನಿಂದಲೇ ಶುರುವಾಗುತ್ತದೆ.