ಇ20 ಪೆಟ್ರೋಲ್: ಓಡಿಸೋಕೆ ಪರವಾಗಿಲ್ಲ, 'ಹಸಿರು' ಅನ್ನೋದಕ್ಕೆ ಎರಡೇ ಸ್ಟಾರ್

ನನ್ನದು ಹಳೇ ಬೈಕ್, ಬಿಎಸ್4 ಕಾಲದ್ದು. ನಮ್ಮ ಕಡೆ ಬಂಕಿನಲ್ಲಿ ಈಗ ಸಿಗುವುದೇ ಇ20, ಅಂದರೆ ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ತೆಗೆದ ಎಥನಾಲ್ (ಒಂದು ಬಗೆಯ ಆಲ್ಕೋಹಾಲ್) ಶೇ. 20ರಷ್ಟು ಬೆರೆಸಿದ ಪೆಟ್ರೋಲ್. ಆರಿಸಿಕೊಳ್ಳುವ ಮಾತೇ ಇಲ್ಲ. ಹಾಗಾಗಿ ಈ ರಿವ್ಯೂ ಓದಿ ನೀವು ಬೇಡ ಅನ್ನೋ ಹಾಗೂ ಇಲ್ಲ, ಆದರೂ ಬರೆಯುತ್ತಿದ್ದೇನೆ.

ಸ್ಟಾರ್ಟಿಂಗ್, ಪಿಕಪ್ ಎಲ್ಲಾ ಮೊದಲಿನ ಹಾಗೇ ಇದೆ. ಮೈಲೇಜ್ ಸ್ವಲ್ಪ ಇಳಿದಿದೆ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಇಳಿಯದೆ ಇನ್ನೇನು? ರೇಟು ಮಾತ್ರ ಇಳಿದಿಲ್ಲ. ಟ್ಯಾಂಕ್ ಮುಚ್ಚಳದ ರಬ್ಬರ್ ಸವೆದಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಾಯಿಸಿ. ನೀರು ಸೇರಿದರೆ ಎಥನಾಲ್ ಬೇರೆಯಾಗಿ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ, ಆಮೇಲೆ ಕಿಕ್ ಹೊಡೆದು ಕಾಲು ನೋವು ಬರಬೇಕು ಅಷ್ಟೇ.

ನನ್ನ ತಕರಾರು ಇರುವುದು 'ಪರಿಸರಸ್ನೇಹಿ' ಅನ್ನೋ ಮಾತಿನ ಬಗ್ಗೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ಒಳಗೆ ಏನೇನು ಹಾಕಿದ್ದಾರೆ ಅಂತ ಇರುತ್ತದೆ, ಇಲ್ಲಿ ಎಥನಾಲ್ ಯಾವ ಬೆಳೆಯದು ಅಂತ ಒಂದಕ್ಷರ ಇಲ್ಲ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮಾಡಿದ್ದಾದರೆ ನನಗೆ ಪೂರ್ತಿ ಒಪ್ಪಿಗೆ, ಕಬ್ಬು ಹೇಗೂ ಸಕ್ಕರೆಗೆ ಅರೆದದ್ದೇ, ಬಾಯ್ಲರ್‌ಗೂ ಅದರ ಸಿಪ್ಪೆಯೇ ಉರುವಲು. ಎಥನಾಲ್‌ಗೆ ಅಂತಲೇ ಕಬ್ಬು ಹಾಕಿದರೆ ಲೆಕ್ಕವೇ ಬೇರೆ. ನೀತಿ ಆಯೋಗದ 2021ರ ವರದಿ ಪ್ರಕಾರ ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಬೇಕು. ನಾನು 5 ಲೀಟರ್ ಇ20 ಹಾಕಿಸಿದರೆ ಅದರಲ್ಲಿ 1 ಲೀಟರ್ ಎಥನಾಲ್ ತಾನೇ? ಬೋರ್‌ವೆಲ್ ಆಳಕ್ಕೆ ಹೋಗುತ್ತಿರುವ ಊರಲ್ಲಿ ಇದನ್ನು ಹಸಿರು ಅನ್ನೋದಾ?

2023ರಲ್ಲಿ ಮಳೆ ಕೈಕೊಟ್ಟಾಗ ಕೇಂದ್ರ ಸರ್ಕಾರವೇ ಡಿಸೆಂಬರ್‌ನಲ್ಲಿ ಕಬ್ಬಿನ ರಸದ ಎಥನಾಲ್‌ಗೆ ಕಡಿವಾಣ ಹಾಕಿತು. ಆಗ ಎಥನಾಲ್‌ಗೆ ಅಂತ ಮೆಕ್ಕೆಜೋಳಕ್ಕೆ ಬೇಡಿಕೆ ಏರಿತು. ಅದು ಕಬ್ಬಿನಷ್ಟು ನೀರು ಕುಡಿಯುವುದಿಲ್ಲ, ನಿಜ. ಆದರೆ ಯೂರಿಯಾ ಬೇಕು, ಮೇಲಾಗಿ ಅದು ಕೋಳಿಯ ಆಹಾರ. ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮೆಕ್ಕೆಜೋಳ ಆಮದು ಮಾಡಿಕೊಳ್ಳುವ ಹಾಗಾಯಿತು. ತೈಲದ ಆಮದು ತಗ್ಗಿಸೋಕೆ ಅಂತ ಶುರುವಾದ ಕೆಲಸ ಇದು, ನೋಡಿ!

ಕಟಾವಿನ ಕಾಲದಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಬೈಕಿನಲ್ಲಿ ಹೋದರೆ ಹೊಲದಲ್ಲಿ ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚಿರುತ್ತಾರೆ, ಕರಿ ಬೂದಿ ಹಾರಿ ಬಂದು ಶರ್ಟಿನ ಮೇಲೆ, ಟ್ಯಾಂಕಿನ ಮೇಲೆ ಕೂರುತ್ತದೆ. ರೈತರನ್ನು ಸುಮ್ನೆ ಬಯ್ಯಬೇಡಿ, ರವದಿ ಪುಡಿ ಮಾಡಿಸೋಕೂ ದುಡ್ಡು ಬೇಕು. ಕಬ್ಬಿನ ದರದಲ್ಲಿ ಅದನ್ನೂ ಸೇರಿಸಿ ಕೊಡಲಿ. ಜೊತೆಗೆ ಈ ಎಥನಾಲ್‌ನಲ್ಲಿ ಕಾಕಂಬಿಯದು ಎಷ್ಟು, ರಸದ್ದೆಷ್ಟು, ಮೆಕ್ಕೆಜೋಳದ್ದೆಷ್ಟು ಅಂತ ಬಂಕಿನಲ್ಲಿ ಒಂದು ಸಾಲು ಹಾಕಲಿ, ಮೂರನೇ ಸ್ಟಾರ್ ಕೊಡುತ್ತೇನೆ.